ಹಳೆಯ ಸ್ವರಲಿಪಿ ಪುಸ್ತಕಗಳ ಪ್ರಥಮಾವೃತ್ತಿಯನ್ನು ಗುರುತಿಸುವುದು ಮತ್ತು ಸಂಗ್ರಹಿಸುವುದು ಹೇಗೆ?

ಪ್ರಶ್ನೆ: ಕಲಬುರಗಿಯ ಗಾಯನ ವಿದ್ಯಾರ್ಥಿ

ಎಲ್ಲ ಹಿರಿಯರಿಗೂ ಶರಣು. ನಾನು ಕಲಬುರಗಿಯವನು, ಹಿಂದುಸ್ತಾನಿ ಗಾಯನದ ವಿಶಾರದ ಪರೀಕ್ಷೆಗೆ ಸಿದ್ಧನಾಗುತ್ತಿದ್ದೇನೆ. ನಮ್ಮ ಮುತ್ಯಾ ಪೇಟಿ (ಹಾರ್ಮೋನಿಯಂ) ಮಾಸ್ತರರಾಗಿದ್ದವರು. ಅವರ ಟ್ರಂಕಿನಲ್ಲಿದ್ದ ಸ್ವರಲಿಪಿ (ಹಾಡಿನ ಸ್ವರಗಳನ್ನು ಗುರುತುಗಳಲ್ಲಿ ಬರೆದ) ಪುಸ್ತಕಗಳನ್ನು ಮನೆಯವರು ರದ್ದಿಗೆ ಹಾಕುವ ಮಾತನಾಡಿದ್ದರಿಂದ ನಾನೇ ಎತ್ತಿಟ್ಟುಕೊಂಡಿದ್ದೇನೆ. ಅವುಗಳಲ್ಲಿ ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರ ‘ಕ್ರಮಿಕ ಪುಸ್ತಕ ಮಾಲಿಕೆ’ಯ ಮೂರು ಭಾಗಗಳಿವೆ. ಮೂರೂ ಮರಾಠಿಯವು, ಒಂದಕ್ಕೆ ರಟ್ಟೂ ಇಲ್ಲ, ಶೀರ್ಷಿಕೆ ಪುಟವೂ ಇಲ್ಲ. ಪಂಡಿತ ವಿಷ್ಣು ದಿಗಂಬರ ಪಲುಸ್ಕರರ ಗಾಂಧರ್ವ ಮಹಾವಿದ್ಯಾಲಯ ಪ್ರಕಟಿಸಿದ ತೆಳುವಾದ ಹಿಂದಿ ಪುಸ್ತಕವೊಂದಿದೆ. ಇವುಗಳ ಜೊತೆಗೆ ಸರಿಗಮಗಳನ್ನು ಮನೆಮನೆಯಾಗಿ ಗೆರೆ ಹಾಕಿ ಬರೆದಿರುವ ಒಂದು ಉರ್ದು ಪುಸ್ತಕವೂ ಇದೆ. ಮುತ್ಯಾ ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ನನಗೆ ಆ ಲಿಪಿ ಬಾರದು.

ಇವು ಪ್ರಥಮಾವೃತ್ತಿಗಳೋ, ಆಮೇಲೆ ಬಂದ ಮುದ್ರಣಗಳೋ ಎಂಬುದನ್ನು ಹೇಗೆ ತೀರ್ಮಾನಿಸಬೇಕು? ಇದೇ ಬಗೆಯ ಪುಸ್ತಕಗಳನ್ನು ಇನ್ನಷ್ಟು ಕೂಡಿಸಬೇಕೆಂಬ ಆಸೆಯೂ ಹುಟ್ಟಿದೆ. ಸೇಡಂ ಕಡೆಯ ಪರಿಚಿತರೊಬ್ಬರು ತಮ್ಮಲ್ಲಿ ತೆಲುಗಿನ ದಪ್ಪ ಕೃತಿ ಸಂಪುಟವೊಂದಿದೆ, ಬಹಳ ಹಳೆಯದು, ಕೊಡುತ್ತೇನೆ ಎನ್ನುತ್ತಿದ್ದಾರೆ. ಅಂಥದ್ದನ್ನು ಕೊಳ್ಳುವ ಮುನ್ನ ಏನನ್ನು ನೋಡಬೇಕು? ಮನೆಯಲ್ಲಿ ಇರುವುದನ್ನು ಹೊಸದಾಗಿ ಬೈಂಡಿಂಗ್ ಮಾಡಿಸಲೇ?

ಉತ್ತರ 1: ಬೀದರಿನ ನಿವೃತ್ತ ಗ್ರಂಥಪಾಲಕಿ

ತಮ್ಮಾ, ಬೈಂಡಿಂಗ್ ವಿಚಾರವನ್ನು ಸದ್ಯಕ್ಕೆ ಬಿಡಿ. ಬೈಂಡಿಂಗಿನವರು ಅಂಚು ಸಮ ಮಾಡಲೆಂದು ಮೂರೂ ಕಡೆ ಕತ್ತರಿಸುತ್ತಾರೆ, ಹರಿದ ಹೊದಿಕೆಯನ್ನು ಎಸೆದುಬಿಡುತ್ತಾರೆ. ನಿಮಗೆ ಬೇಕಾದ ಪುರಾವೆಯ ಅರ್ಧಭಾಗ ಇರುವುದು ಆ ಹೊದಿಕೆಯ ಕಾಗದದ ಮೇಲೆಯೇ.

ಶೀರ್ಷಿಕೆ ಪುಟವಿಲ್ಲದ ಪುಸ್ತಕದ ಕೊನೆಯ ಪುಟವನ್ನು ತೆಗೆದು ನೋಡಿ. 1867ರ ಪ್ರೆಸ್ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಪ್ರಕಾರ ಬ್ರಿಟಿಷ್ ಇಂಡಿಯಾದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಮೇಲೂ ಮುದ್ರಕನ ಹೆಸರು, ಮುದ್ರಣವಾದ ಊರು, ಪ್ರಕಾಶಕನ ಹೆಸರು ಇರಲೇಬೇಕಿತ್ತು. ಅನೇಕ ಮರಾಠಿ ಪುಸ್ತಕಗಳಲ್ಲಿ ಈ ಸಾಲು ಶೀರ್ಷಿಕೆ ಪುಟದ ಹಿಂಬದಿಯಲ್ಲಿರುತ್ತದೆ, ಕೆಲವುಗಳಲ್ಲಿ ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತದೆ. ವರ್ಷವನ್ನು ಶಕೆಯಲ್ಲಿ ಕೊಟ್ಟಿದ್ದರೆ 78 ಕೂಡಿಸಿರಿ. ಶಕೆ 1842 ಎಂದರೆ 1920-21. ಹಿಂದಿ ಪುಸ್ತಕದಲ್ಲಿ ವಿಕ್ರಮ ಸಂವತ್ ಇದ್ದರೆ 57 ಕಳೆಯಿರಿ. ನಮ್ಮ ಭಾಗದ ಶಾಲೆಯ ಮೊಹರಿನಲ್ಲಿ ಅಥವಾ ನಿಮ್ಮ ಮುತ್ಯಾನವರ ಸಹಿಯ ಕೆಳಗೆ ಫಸಲಿ (ನಿಜಾಮರ ರಾಜ್ಯದ ಸರಕಾರಿ ಲೆಕ್ಕದ) ವರ್ಷ ಇರುವ ಸಾಧ್ಯತೆ ಹೆಚ್ಚು. ಅದಕ್ಕೆ 590 ಕೂಡಿಸಬೇಕು. ಫಸಲಿ 1340 ಎಂದಿದ್ದರೆ 1930-31ರಲ್ಲಿ ಪುಸ್ತಕ ಅವರ ಕೈಯಲ್ಲಿತ್ತೆಂದು ಅರ್ಥ. ಮುದ್ರಣದ ವರ್ಷ ಅದಕ್ಕಿಂತ ಈಚಿನದಾಗಿರಲಾರದು, ಇಷ್ಟು ಮಾತ್ರ ಅದರಿಂದ ಸಿದ್ಧವಾಗುತ್ತದೆ.

ಬೆಲೆಯೂ ಒಂದು ಸಾಕ್ಷಿ. ರೂಪಾಯಿ, ಆಣೆ, ಪೈ ಎಂದು 1-8-0 ಮಾದರಿಯಲ್ಲಿ ಬೆಲೆ ಅಚ್ಚಾಗಿದ್ದರೆ ಅದು ದಶಮಾಂಶ ನಾಣ್ಯ ಬಂದ 1957ರ ಏಪ್ರಿಲಿಗೂ ಹಿಂದಿನದು. ನಯೇ ಪೈಸೆ ಎಂದಿದ್ದರೆ 1957ರಿಂದ 1964ರ ನಡುವಿನದು. ಆದರೆ ಆಣೆಯ ಬೆಲೆ ಕಂಡ ಕೂಡಲೇ ಪ್ರಥಮಾವೃತ್ತಿ ಎಂದು ಹಿಗ್ಗಬಾರದು, ಏಕೆಂದರೆ ಎರಡನೆಯ, ಮೂರನೆಯ ಆವೃತ್ತಿಗಳೂ ಆಣೆಯ ಕಾಲದಲ್ಲಿಯೇ ಬಂದಿರಬಹುದು. ಅಂಗಡಿಯವರು ಕೈಯಿಂದ ಬರೆದ ಬೆಲೆಯಲ್ಲಿ ಹಾಲಿ ಸಿಕ್ಕಾ (ನಿಜಾಮರ ನಾಣ್ಯ), ಕಲ್ದಾರ್ (ಬ್ರಿಟಿಷ್ ನಾಣ್ಯ) ಎಂಬ ಭೇದ ಕಂಡರೆ ಪುಸ್ತಕ ಹೈದರಾಬಾದ್ ಸಂಸ್ಥಾನದೊಳಗೆ ಮಾರಾಟವಾದದ್ದೆಂದು ತಿಳಿಯಬಹುದು.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಒಳಸಾಕ್ಷಿ ಎಂದರೆ ಶುದ್ಧಿಪತ್ರ ಮತ್ತು ಜಾಹೀರಾತು. ಸ್ವರಲಿಪಿಯ ಮೊಳೆ (ಅಚ್ಚಿನ ಬಿಡಿ ಅಕ್ಷರ) ಜೋಡಣೆ ಬಹಳ ತೊಡಕಿನ ಕೆಲಸವಾದ್ದರಿಂದ ಮೊದಲ ಆವೃತ್ತಿಯಲ್ಲಿ ತಪ್ಪುಗಳು ಉಳಿಯುತ್ತಿದ್ದವು, ಅವುಗಳ ಪಟ್ಟಿಯನ್ನು ಕೊನೆಯಲ್ಲಿ ಅಂಟಿಸುತ್ತಿದ್ದರು. ಮುಂದಿನ ಆವೃತ್ತಿಯಲ್ಲಿ ಆ ತಿದ್ದುಪಡಿಗಳು ಒಳಗೇ ಸೇರಿ ಪಟ್ಟಿ ಮಾಯವಾಗುತ್ತದೆ. ಶುದ್ಧಿಪತ್ರದಲ್ಲಿ ಹೇಳಿದ ತಪ್ಪು ನಿಮ್ಮ ಪ್ರತಿಯ ಪುಟದಲ್ಲಿ ಇನ್ನೂ ಇದೆಯೇ ಎಂದು ನೋಡಿ. ಹಾಗೆಯೇ ಹಿಂಬದಿಯ ಹೊದಿಕೆಯಲ್ಲಿ ಅದೇ ಲೇಖಕರ ಬೇರೆ ಪುಸ್ತಕಗಳ ಪಟ್ಟಿ ಇರುತ್ತದೆ. ಕ್ರಮಿಕ ಮಾಲಿಕೆಯ ಆರು ಭಾಗಗಳು ಒಟ್ಟಿಗೆ ಬಂದವಲ್ಲ. ಒಂದೂವರೆ ದಶಕದಷ್ಟು ಕಾಲ ಬಿಡಿಬಿಡಿಯಾಗಿ ಬಂದು, ಕೊನೆಯದು 1936ರಲ್ಲಿ ಪಂಡಿತರು ತೀರಿಕೊಂಡ ಅನಂತರ ಹೊರಬಿದ್ದಿತು. ಆದ್ದರಿಂದ ಎರಡನೆಯ ಭಾಗದ ಹೊದಿಕೆಯಲ್ಲಿ ಐದನೆಯ ಭಾಗದ ಬೆಲೆ ಅಚ್ಚಾಗಿದ್ದರೆ ಆ ಪ್ರತಿ ಪ್ರಥಮಾವೃತ್ತಿಯದಲ್ಲ ಎಂದು ಬೇರೆ ಪುರಾವೆಯಿಲ್ಲದೆಯೇ ಹೇಳಬಹುದು. ಮೂರೂ ಭಾಗಗಳು ಒಂದೇ ಟ್ರಂಕಿನಲ್ಲಿದ್ದವೆಂದು ಮೂರರ ಆವೃತ್ತಿಯೂ ಒಂದೇ ಎಂದು ಭಾವಿಸಬೇಡಿ. ಪ್ರತಿಯೊಂದನ್ನೂ ಬೇರೆಯಾಗಿಯೇ ಪರೀಕ್ಷಿಸಬೇಕು.

ಪಲುಸ್ಕರರ ಪುಸ್ತಕದಲ್ಲಿ ಊರನ್ನು ನೋಡಿ. ಅವರು ಗಾಂಧರ್ವ ಮಹಾವಿದ್ಯಾಲಯವನ್ನು 1901ರ ಮೇ 5ರಂದು ಲಾಹೋರಿನಲ್ಲಿ ಆರಂಭಿಸಿದರು, 1908ರಲ್ಲಿ ಮುಂಬೈಗೆ ಬಂದರು. ತಮ್ಮದೇ ಮುದ್ರಣಾಲಯ ಇಟ್ಟುಕೊಂಡು ಪಾಠದ ಪುಸ್ತಕಗಳನ್ನು ತಾವೇ ಹೊರತಂದರು. ಲಾಹೋರಿನ ಹೆಸರಿರುವ ಪ್ರತಿ ದಕ್ಷಿಣದಲ್ಲಿ ಸಿಗುವುದು ನಿಜಕ್ಕೂ ಅಪರೂಪ; ಮುಂಬೈಯದಾದರೆ ಆಗಾಗ ಕಣ್ಣಿಗೆ ಬೀಳುತ್ತದೆ.

ಮೇಲೆ ಹೇಳಿದ ಕಾಯಿದೆಯಿಂದ ನಮಗಾಗಿರುವ ಇನ್ನೊಂದು ದೊಡ್ಡ ಉಪಕಾರವನ್ನು ಸಂಗ್ರಾಹಕರು ಮರೆಯುತ್ತಾರೆ. ಮುದ್ರಿತ ಪುಸ್ತಕದ ಪ್ರತಿಯನ್ನು ಸರಕಾರಕ್ಕೆ ಕೊಡಬೇಕಿತ್ತು. ಸರಕಾರ ಮೂರು ತಿಂಗಳಿಗೊಮ್ಮೆ ಗೆಜೆಟ್ಟಿನೊಂದಿಗೆ ಪಟ್ಟಿ ಪ್ರಕಟಿಸುತ್ತಿತ್ತು. ಅದರಲ್ಲಿ ಪುಟಸಂಖ್ಯೆ, ಆಕಾರ, ಎಷ್ಟನೆಯ ಆವೃತ್ತಿ, ಎಷ್ಟು ಪ್ರತಿ, ಮೊಳೆಯಚ್ಚೋ ಕಲ್ಲಚ್ಚೋ, ಬೆಲೆ ಎಷ್ಟು ಎಂಬ ವಿವರಗಳೆಲ್ಲ ಇರುತ್ತವೆ. ಮುಂಬೈ, ಮದ್ರಾಸ್ ಪ್ರಾಂತ್ಯಗಳ ಪುಸ್ತಕಗಳಿಗೆ ಇದಕ್ಕಿಂತ ನಂಬಿಕಸ್ಥ ಆಧಾರ ಬೇರೆಯಿಲ್ಲ. ನಿಜಾಮರ ರಾಜ್ಯ ಬ್ರಿಟಿಷ್ ಇಂಡಿಯಾದೊಳಗೆ ಇರಲಿಲ್ಲವಾದ್ದರಿಂದ ಹೈದರಾಬಾದಿನಲ್ಲಿ ಅಚ್ಚಾದ ಪುಸ್ತಕವನ್ನು ಈ ಪಟ್ಟಿಗಳಲ್ಲಿ ಹುಡುಕಿ ಫಲವಿಲ್ಲ.

ಉತ್ತರ 2: ಕಲಬುರಗಿಯ ಪುಸ್ತಕ ಸಂಗ್ರಾಹಕ

ಮೇಡಂ ಹೇಳಿದ್ದಕ್ಕೆ ಸೇರಿಸಬೇಕಾದದ್ದು ಸ್ವಲ್ಪ ಇದೆ. ನಾನು ಮೊದಲು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹಳೆಯ ಮುದ್ರಣಗಳ ಬಗ್ಗೆ ಓದಿ ಈ ಹವ್ಯಾಸಕ್ಕೆ ಬಂದವನು. ಅಲ್ಲಿ ಸ್ವರಲಿಪಿಯನ್ನು ಲೋಹದ ತಗಡಿನ ಮೇಲೆ ಕೊರೆದು ಅಚ್ಚು ಹಾಕುತ್ತಿದ್ದರು. ಶೀರ್ಷಿಕೆ ಪುಟದಲ್ಲಿ ವರ್ಷವೇ ಇರುವುದಿಲ್ಲ, ಆದರೆ ಪ್ರತಿ ಪುಟದ ಅಡಿಯಲ್ಲಿ ತಗಡಿನ ಸಂಖ್ಯೆ ಇರುತ್ತದೆ. ವಿಯೆನ್ನಾದ ಆರ್ಟಾರಿಯಾ ಪ್ರಕಾಶನದವರು 1796ರಲ್ಲಿ ಹೊರತಂದ ಬೀಥೋವನ್‌ನ ಎರಡನೆಯ ಓಪಸ್ಸಿನ (ಕೃತಿಸಂಖ್ಯೆಯ) ಸೊನಾಟಾಗಳಂಥವನ್ನು ತಜ್ಞರು ಪರಿಶೀಲಿಸುವಾಗ ಈ ಸಂಖ್ಯೆ, ಪ್ರಕಾಶಕನ ವಿಳಾಸ, ತಗಡಿನಲ್ಲಿ ಬಿಟ್ಟ ಬಿರುಕು ಇವುಗಳನ್ನೇ ಹಿಡಿದು ಮೊದಲ ಅಚ್ಚು ಯಾವುದು, ಆಮೇಲಿನದು ಯಾವುದು ಎಂದು ಬೇರ್ಪಡಿಸುತ್ತಾರೆ. ನಮ್ಮ ಮೊಳೆಯಚ್ಚಿನ ಪುಸ್ತಕಗಳಿಗೆ ಅಂಥ ಸಂಖ್ಯೆ ಇಲ್ಲ. ಅದರ ಬದಲು ಸಾಲು ಒಡೆಯುವ ಜಾಗವನ್ನು ನೋಡಬೇಕು. ಮೊಳೆಗಳನ್ನು ಹೊಸದಾಗಿ ಜೋಡಿಸಿದರೆ ಸಾಲಿನ ಕೊನೆಯ ಅಕ್ಷರ ಎಲ್ಲಾದರೂ ಒಂದು ಕಡೆ ಬದಲಾಗಿಯೇ ಇರುತ್ತದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಹಳೆಯ ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಶೀರ್ಷಿಕೆ ಪುಟ ಉಳಿದಿರುವ ಪ್ರತಿಯ ಸ್ಕ್ಯಾನ್ ಸಿಕ್ಕರೆ ನಿಮ್ಮ ಅನಾಥ ಭಾಗವನ್ನು ಅದರ ಪಕ್ಕದಲ್ಲಿಟ್ಟು ಪುಟಪುಟವಾಗಿ ಹೋಲಿಸಿ.

ಉರ್ದು ಪುಸ್ತಕ ನನ್ನ ಕುತೂಹಲ ಕೆರಳಿಸಿದೆ. ಭಾತಖಂಡೆಯವರ ಪದ್ಧತಿಯನ್ನು ಉರ್ದುವಿಗೆ ತಂದವರು ರಾಜಾ ನವಾಬ್ ಅಲಿಯವರು. ಅವರ ‘ಮಆರಿಫುನ್ನಗಮಾತ್’ ಉರ್ದು ಓದುವ ಕಲಾವಿದರ ನಡುವೆ ಬಹಳ ಓಡಾಡಿದ ಪುಸ್ತಕ. ನಿಮ್ಮದು ಅದೇ ಎಂದು ಹೇಳುತ್ತಿಲ್ಲ. ಆ ಕಾಲದ ಉರ್ದು ಪುಸ್ತಕಗಳು ಬಹುಪಾಲು ಕಲ್ಲಚ್ಚಿನವು, ಅಂದರೆ ಕಾತಿಬರು ಕೈಯಿಂದ ಬರೆದದ್ದನ್ನು ಕಲ್ಲಿಗಿಳಿಸಿ ತೆಗೆದವು. ಭೂತಗಾಜಿನಲ್ಲಿ ನೋಡಿದರೆ ಮೊಳೆಯಚ್ಚಿನ ಅಕ್ಷರ ಕಾಗದದೊಳಕ್ಕೆ ಸ್ವಲ್ಪ ಒತ್ತಿಕೊಂಡಿರುತ್ತದೆ, ಕಲ್ಲಚ್ಚಿನದು ಮೇಲ್ಮೈಯಲ್ಲಿಯೇ ಚಪ್ಪಟೆಯಾಗಿ ಕೂತಿರುತ್ತದೆ. ಕಲ್ಲನ್ನು ಉಜ್ಜಿ ಬೇರೆ ಕೆಲಸಕ್ಕೆ ಬಳಸುತ್ತಿದ್ದುದರಿಂದ ಮರುಮುದ್ರಣಕ್ಕೆ ಸಾಮಾನ್ಯವಾಗಿ ಹೊಸದಾಗಿ ಬರೆಯಬೇಕಾಗುತ್ತಿತ್ತು. ಕೈಬರಹದ ಭೇದವೇ ಅಲ್ಲಿ ಆವೃತ್ತಿಯ ಭೇದವನ್ನು ತೋರಿಸಿಕೊಡುತ್ತದೆ. ಕೊನೆಯ ಪುಟದಲ್ಲಿ ಕಾತಿಬರ ಹೆಸರಿದೆಯೇ ಎಂದು ಓದಬಲ್ಲ ಯಾರಿಗಾದರೂ ತೋರಿಸಿ. ಕಲಬುರಗಿಯಲ್ಲಿ ಉರ್ದು ಓದುವವರಿಗೆ ಬರವೇ?

ಅಂದಹಾಗೆ, ಲಿಥೋ, ಅಂದರೆ ಈ ಕಲ್ಲಚ್ಚಿನ ವಿಧಾನವನ್ನು ಕಂಡುಹಿಡಿದ ಜರ್ಮನಿಯ ಸೆನೆಫೆಲ್ಡರ್ ಆರಂಭದಲ್ಲಿಯೇ ಅದನ್ನು ಬಳಸಿದ್ದು ಸಂಗೀತದ ಸ್ವರಲಿಪಿ ಅಚ್ಚು ಹಾಕಲಿಕ್ಕೆ.

ಇನ್ನು ತೆಲುಗು ಸಂಪುಟ. ಅದು ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯ ಮೂಲ ಮುದ್ರಣವೇ ಆಗಿದ್ದರೆ ಬಹಳ ದೊಡ್ಡ ವಸ್ತು. 1904ರಲ್ಲಿ ಎಟ್ಟಯಾಪುರದ ವಿದ್ಯಾವಿಲಾಸಿನೀ ಮುದ್ರಣಾಲಯದಲ್ಲಿ ಅಚ್ಚಾದ, ಎರಡು ಸಂಪುಟಗಳು ಸೇರಿ ಸುಮಾರು 1,700 ಪುಟಗಳ ಗ್ರಂಥ ಅದು. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳನ್ನು ಗಮಕ ಚಿಹ್ನೆಗಳೊಂದಿಗೆ ಕೊಟ್ಟಿದ್ದಾರೆ. ಭಾತಖಂಡೆಯವರು 1904ರ ದಕ್ಷಿಣ ಪ್ರವಾಸದಲ್ಲಿ ಎಟ್ಟಯಾಪುರಕ್ಕೆ ಹೋಗಿ ಸುಬ್ಬರಾಮ ದೀಕ್ಷಿತರನ್ನೇ ಕಂಡು ಮಾತನಾಡಿದ್ದರು. ಹಾಗಾಗಿ ಆ ಗ್ರಂಥ ನಿಮ್ಮ ಕ್ರಮಿಕ ಮಾಲಿಕೆಯ ಪಕ್ಕದಲ್ಲಿ ಕೂರುವುದಕ್ಕೆ ಅರ್ಹವೇ. ಮದ್ರಾಸಿನ ಮ್ಯೂಸಿಕ್ ಅಕಾಡೆಮಿ 1961ರಿಂದ ಹೊರತಂದದ್ದು ತಮಿಳು ಲಿಪಿಯ ಆವೃತ್ತಿ, ಆದ್ದರಿಂದ ಅದರೊಂದಿಗೆ ಗೊಂದಲವಾಗುವ ಭಯವಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ತಚ್ಚೂರು ಸಹೋದರರು ತೆಲುಗಿನಲ್ಲಿ ಹೊರತಂದ ಕೃತಿ ಸಂಗ್ರಹಗಳೂ ಬೇಕಾದಷ್ಟಿವೆ. ಮಾರುವವರಿಗೆ ಇವೆಲ್ಲ ಒಂದೇ. ಕನ್ನಡ ಬಲ್ಲವರಿಗೆ ತೆಲುಗು ಲಿಪಿ ಕೂಡಿಸಿಕೊಂಡು ಓದುವುದು ಕಷ್ಟವಲ್ಲ. ಸೇಡಂಗೆ ಹೋಗಿ ಊರು, ಮುದ್ರಣಾಲಯ, ವರ್ಷ ಓದಿ, ಪುಟಸಂಖ್ಯೆಗಳನ್ನು ಒಂದೊಂದಾಗಿ ಎಣಿಸಿ. ಬೆಲೆಯ ಮಾತು ಆಮೇಲೆ.

ಇನ್ನಷ್ಟು ಕೂಡಿಸುವ ಆಸೆ ಎಂದಿದ್ದೀರಿ, ಹುಡುಕುವ ಜಾಗ ಹೇಳುತ್ತೇನೆ. ನಮಗೆ ಅನುಕೂಲವಾದದ್ದೆಂದರೆ ಮೂರು ಭಾಷೆಗಳ ಸಂಧಿಯಲ್ಲಿರುವ ನಮ್ಮ ಭೂಗೋಳ. ಭಾನುವಾರ ಹೈದರಾಬಾದಿನ ಆಬಿಡ್ಸ್ ಫುಟ್‌ಪಾತಿನ ಹಳೆ ಪುಸ್ತಕದ ಸಂತೆಯಲ್ಲಿ ಉರ್ದು, ತೆಲುಗು ಪುಸ್ತಕಗಳು ಸಿಗುತ್ತವೆ. ಮರಾಠಿಗೆ ಸೊಲ್ಲಾಪುರ, ಪುಣೆಯ ಅಪ್ಪಾ ಬಳವಂತ ಚೌಕ. ಆದರೆ ಒಳ್ಳೆಯ ಪ್ರತಿಗಳು ಅಂಗಡಿಗಿಂತ ಹಳೆಯ ಭಜನಾ ಮಂಡಳಿಗಳಲ್ಲಿ, ನಾಟಕ ಕಂಪನಿಗಳಲ್ಲಿ ಪೇಟಿ ನುಡಿಸಿದವರ ಮನೆಗಳಲ್ಲಿ, ರದ್ದಿಯವರ ತಕ್ಕಡಿಯ ಮೇಲೆ ಕಾಣಸಿಗುತ್ತವೆ. ರದ್ದಿಯವರಿಗೆ ನಿಮ್ಮ ನಂಬರು ಕೊಟ್ಟಿಡಿ. ಗ್ರಂಥಾಲಯದ ಮೊಹರಿದ್ದು, ರದ್ದುಪಡಿಸಿದ ಗುರುತು ಇಲ್ಲದ ಪುಸ್ತಕವನ್ನು ಎಷ್ಟು ಅಗ್ಗಕ್ಕೆ ಬಂದರೂ ಮುಟ್ಟಬೇಡಿ.

ಉತ್ತರ 3: ಯಾದಗಿರಿಯ ಸಂಗೀತ ಶಿಕ್ಷಕ

ಮೇಲಿನ ಇಬ್ಬರ ಮಾತೂ ಒಪ್ಪತಕ್ಕದ್ದೇ, ಆದರೆ ಹಾಡುವವನ ದೃಷ್ಟಿಯಿಂದ ಒಂದು ತಕರಾರು ಇದೆ. ಪ್ರಥಮಾವೃತ್ತಿಯೇ ಶ್ರೇಷ್ಠ ಎಂಬ ಹಠ ಸ್ವರಲಿಪಿ ಪುಸ್ತಕಗಳ ವಿಷಯದಲ್ಲಿ ಪೂರ್ತಿ ಸಲ್ಲದು. ಲೇಖಕ ಬದುಕಿದ್ದಾಗ ತಾನೇ ತಿದ್ದಿ ಹೊರತಂದ ಎರಡನೆಯ ಆವೃತ್ತಿ ಇದ್ದರೆ ಪಾಠಕ್ಕೆ ಅದೇ ಪ್ರಮಾಣ. ಕ್ರಮಿಕ ಮಾಲಿಕೆಯಲ್ಲಿ 1936ಕ್ಕಿಂತ ಮೊದಲಿನ ಆವೃತ್ತಿಗಳೆಲ್ಲವೂ ಆ ದೃಷ್ಟಿಯಿಂದ ಅಮೂಲ್ಯ. ಸಂಗ್ರಾಹಕರು ‘ದುಸರೀ ಆವೃತ್ತಿ’ ಎಂದು ಕಂಡ ಕೂಡಲೇ ಕೆಳಗಿಡುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ.

ಹಳೆಯ ಮುದ್ರಣಗಳನ್ನು ನಾನು ಬಯಸುವುದಕ್ಕೆ ಕಾರಣ ಬೇರೆ. ಭಾತಖಂಡೆಯವರ ಲಿಪಿಯಲ್ಲಿ ಕೋಮಲ (ಇಳಿಸಿದ) ಸ್ವರಕ್ಕೆ ಅಕ್ಷರದ ಕೆಳಗೊಂದು ಅಡ್ಡಗೆರೆ, ತೀವ್ರ (ಏರಿಸಿದ) ಮಧ್ಯಮಕ್ಕೆ ಮೇಲೊಂದು ಲಂಬಗೆರೆ, ಮಂದ್ರಕ್ಕೆ (ಕೆಳಗಿನ ಸ್ಥಾಯಿಗೆ) ಕೆಳಗೆ ಚುಕ್ಕೆ, ತಾರಕ್ಕೆ (ಮೇಲಿನ ಸ್ಥಾಯಿಗೆ) ಮೇಲೆ ಚುಕ್ಕೆ. ಇಷ್ಟೇ ಗುರುತುಗಳ ಮೇಲೆ ರಾಗದ ಭಾರವೆಲ್ಲ ನಿಂತಿದೆ. ಸವೆದ ಮೊಳೆಯಿಂದ ಅಥವಾ ಹಳೆಯ ಪುಟದ ಫೋಟೋ ತೆಗೆದು ಮರುಮುದ್ರಿಸಿದಾಗ ಈ ಸೂಕ್ಷ್ಮ ಗುರುತುಗಳೇ ಮೊದಲು ಅಳಿಸುತ್ತವೆ. ಯಮನ ರಾಗದ ಮಧ್ಯಮದ ಮೇಲಿನ ಗೆರೆ ಹೋದರೆ ಕಾಗದದ ಮೇಲೆ ಅದು ಬಿಲಾವಲದ ಸ್ವರಗಳಾಗುತ್ತದೆ. ಕಾಫಿಯ ಗಾಂಧಾರದ ಕೆಳಗಿನ ಗೆರೆ ಹೋದರೆ ಖಮಾಜ ಥಾಟಿನಂತೆ (ರಾಗಗಳ ಮೂಲ ಸ್ವರಮೇಳದಂತೆ) ಕಾಣುತ್ತದೆ. ಯಮನ, ಕಾಫಿಗಳಲ್ಲಿ ಇದರಿಂದ ಹಾನಿಯಿಲ್ಲ, ಏಕೆಂದರೆ ಕಿವಿ ತಿದ್ದಿಕೊಳ್ಳುತ್ತದೆ. ಆದರೆ ಮಾಲಿಕೆಯ ಕೊನೆಯ ಭಾಗಗಳಲ್ಲಿರುವ ಅಪ್ರಚಲಿತ ರಾಗಗಳನ್ನು ಗುರುಮುಖದಿಂದ ಕೇಳಿದವರೇ ಇಂದು ವಿರಳ. ಅಲ್ಲಿ ಒಂದು ಚುಕ್ಕೆ ಬಿದ್ದುಹೋದರೆ ಸರಿಪಡಿಸಲು ಪುಸ್ತಕದ ಹೊರಗೆ ಆಧಾರವಿಲ್ಲ. ಅಂಥ ಪುಟಗಳಿಗೆ ಗರಿಗರಿಯಾದ ಮೊದಲ ಅಚ್ಚು ಬೇಕೇ ಬೇಕು.

ನಾವೆಲ್ಲ ಕಲಿಯುವಾಗ ಬಳಸಿದ್ದು ಹಾಥರಸದ ಸಂಗೀತ ಕಾರ್ಯಾಲಯದ ಹಿಂದಿ ಆವೃತ್ತಿಯನ್ನು. 1932ರಲ್ಲಿ ಆ ಸಂಸ್ಥೆ ಕಟ್ಟಿದವರು ಹಾಸ್ಯಕವಿ ಕಾಕಾ ಹಾಥರಸಿ ಎಂಬುದು ಎಷ್ಟೋ ಸಂಗೀತಗಾರರಿಗೆ ಗೊತ್ತಿಲ್ಲ. ಆ ಹಿಂದಿ ಪುಸ್ತಕವನ್ನೂ ಜೊತೆಗಿಟ್ಟುಕೊಂಡು ನಿಮ್ಮ ಮರಾಠಿ ಭಾಗಗಳ ಒಂದೊಂದು ಚೀಜನ್ನೂ (ರಾಗದಲ್ಲಿ ಕಟ್ಟಿದ ಹಾಡನ್ನೂ) ಹೋಲಿಸಿ, ಭೇದ ಕಂಡಲ್ಲಿ ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂಲದ ಅಂಚಿನಲ್ಲಿ ಪೆನ್ನು ಆಡಿಸಬೇಡಿ.

ಪಲುಸ್ಕರರ ಪುಸ್ತಕ ಓದುವಾಗ ಎಚ್ಚರಿಕೆ ಇರಲಿ. ಅವರ ಪದ್ಧತಿಯಲ್ಲಿ ಮೇಲಿನ ಚುಕ್ಕೆ ಮಂದ್ರವನ್ನು ಸೂಚಿಸುತ್ತದೆ, ತಾರಕ್ಕೆ ಮೇಲೊಂದು ನಿಂತ ಗೆರೆ, ಕೋಮಲಕ್ಕೆ ಹಲಂತದ (ನಾಗರಿ ಅಕ್ಷರದ ಕೆಳಗಿನ ಓರೆಗೆರೆಯ) ಗುರುತು. ಭಾತಖಂಡೆ ಲಿಪಿಯ ಅಭ್ಯಾಸದಲ್ಲಿ ಓದಿದರೆ ಮಂದ್ರದ ಆಲಾಪವನ್ನೆಲ್ಲ ತಾರದಲ್ಲಿ ಹಾಡಿ ಗಂಟಲು ಕೆಡಿಸಿಕೊಳ್ಳುತ್ತೀರಿ.

ಮರು ಪ್ರಶ್ನೆ: ಕಲಬುರಗಿಯ ಗಾಯನ ವಿದ್ಯಾರ್ಥಿ

ಹಿರಿಯರೆಲ್ಲರಿಗೂ ಕೃತಜ್ಞತೆಗಳು. ಶೀರ್ಷಿಕೆ ಪುಟವಿಲ್ಲದ ಭಾಗದ ಕೊನೆಯಲ್ಲಿ ಎರಡು ಪುಟದ ಶುದ್ಧಿಪತ್ರ ಇದೆ. ಅದರಲ್ಲಿ ಹೇಳಿದ ತಪ್ಪುಗಳು ಒಳಗಿನ ಪುಟಗಳಲ್ಲಿ ಹಾಗೆಯೇ ಇವೆ. ಇನ್ನೊಂದು ಭಾಗದಲ್ಲಿ ‘ದುಸರೀ ಆವೃತ್ತಿ’ ಎಂದು ಸ್ಪಷ್ಟವಾಗಿದೆ. ಕಾಗದ ಕಂದಾಗಿದ್ದು ಮಡಿಚಿದಲ್ಲಿ ಮುರಿಯುತ್ತಿದೆ. ಟ್ರಂಕಿನಲ್ಲಿ ಮುತ್ಯಾ ಕೈಯಿಂದ ಚೀಜುಗಳನ್ನು ಬರೆದುಕೊಂಡ ನೋಟ್‌ಬುಕ್ಕುಗಳೂ ಇವೆ. ಇವನ್ನೆಲ್ಲ ನಮ್ಮ ಬಿಸಿಲಿನಲ್ಲಿ ಕಾಪಾಡುವುದು ಹೇಗೆ? ಸ್ಕ್ಯಾನ್ ಮಾಡಿ ಹಂಚಿದರೆ ಕಾನೂನಿನ ತೊಡಕಿದೆಯೇ?

ಉತ್ತರ 4: ಬೀದರಿನ ನಿವೃತ್ತ ಗ್ರಂಥಪಾಲಕಿ

ಶುದ್ಧಿಪತ್ರದ ಸಂಗತಿ ಒಳ್ಳೆಯ ಸೂಚನೆ. ಸಾಲು ಒಡೆಯುವ ಜಾಗಗಳೂ ಪ್ರಥಮಾವೃತ್ತಿಯ ಸ್ಕ್ಯಾನಿನೊಂದಿಗೆ ಹೊಂದಿದರೆ ಆ ಭಾಗವನ್ನು ಪ್ರಥಮಾವೃತ್ತಿಯೆಂದು ದಾಖಲಿಸಿಕೊಳ್ಳಬಹುದು.

ಮರದ ತಿರುಳಿನ ಕಾಗದದಲ್ಲಿ ಆಮ್ಲ ಇರುವುದರಿಂದಲೇ ಅದು ಕಂದಾಗಿ ಮುರಿಯುತ್ತದೆ. ಉಷ್ಣತೆ ಹೆಚ್ಚಾದಷ್ಟೂ ಈ ಕ್ರಿಯೆ ಬೇಗವಾಗುತ್ತದೆ. ನಮ್ಮಲ್ಲಿ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ತಗಡಿನ ಟ್ರಂಕು ಅದಕ್ಕಿಂತ ಹೆಚ್ಚು ಕಾಯುತ್ತದೆ. ಆದ್ದರಿಂದ ಮೊದಲು ಟ್ರಂಕಿನಿಂದ ಹೊರತೆಗೆಯಿರಿ. ಮನೆಯ ಒಳಗೋಡೆಯ ಬಳಿಯಿರುವ, ಮಾಳಿಗೆಯಿಂದ ದೂರವಿರುವ ಕಪಾಟಿನಲ್ಲಿ, ಒಂದೊಂದನ್ನೂ ಆಮ್ಲರಹಿತ ಕಾಗದದಲ್ಲಿ ಸುತ್ತಿ, ಅಡ್ಡಡ್ಡವಾಗಿ ಮಲಗಿಸಿಡಿ. ಕಪಾಟು ಗೋಡೆಗೆ ತಾಗದಂತೆ ನಾಲ್ಕು ಬೆರಳು ಜಾಗ ಬಿಟ್ಟರೆ ಗೆದ್ದಲು ಬಂದದ್ದು ಬೇಗ ತಿಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ನೆರಳಿನಲ್ಲಿ ಗಾಳಿಗೆ ಬಿಚ್ಚಿಡಿ, ಬಿಸಿಲಿಗೆ ಒಡ್ಡಬೇಡಿ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಿದರೆ ಅದರ ಅಂಟು ಹಳದಿ ಕಲೆಯಾಗಿ ಉಳಿದುಬಿಡುತ್ತದೆ. ಲ್ಯಾಮಿನೇಶನ್ ಮಾಡಿಸಿದರೆ ಬಿಡಿಸಲು ದಾರಿಯೇ ಇಲ್ಲ. ತೀರ ಅಗತ್ಯವಿದ್ದಲ್ಲಿ ತೆಳುವಾದ ಜಪಾನಿ ಟಿಶ್ಯೂ ಕಾಗದವನ್ನು ಗೋಧಿ ಗಂಜಿಯ ಅಂಟಿನಿಂದ ಹಚ್ಚುತ್ತಾರೆ, ಅದನ್ನು ಬಲ್ಲವರ ಕೈಯಿಂದ ಮಾಡಿಸಿರಿ.

ಕಾನೂನಿನ ಮಾತು: ಭಾತಖಂಡೆಯವರು 1936ರಲ್ಲಿ, ಪಲುಸ್ಕರರು 1931ರಲ್ಲಿ ತೀರಿಕೊಂಡವರು, ಅವರ ಬರಹಗಳ ಹಕ್ಕುಸ್ವಾಮ್ಯದ ಅವಧಿ ಮುಗಿದು ಬಹಳ ಕಾಲವಾಗಿದೆ. ಆದ್ದರಿಂದ ಆ ಹಳೆಯ ಮೂಲ ಪುಸ್ತಕಗಳ ಸ್ಕ್ಯಾನ್ ಹಂಚಲು ಅಡ್ಡಿಯಿಲ್ಲ. ಈಚಿನ ಅನುವಾದ, ಸಂಪಾದಕರ ಟಿಪ್ಪಣಿಗಳಿಗೆ ಈ ಮಾತು ಅನ್ವಯಿಸದು. ಸ್ಕ್ಯಾನರಿನ ಗಾಜಿಗೆ ಪುಸ್ತಕವನ್ನು ಒತ್ತಿದರೆ ಬೆನ್ನು ಮುರಿಯುತ್ತದೆ. ಮೊಬೈಲಿನಲ್ಲಿಯೇ ಮೇಲಿನಿಂದ, ಪಕ್ಕದ ಬೆಳಕಿನಲ್ಲಿ ಚಿತ್ರ ತೆಗೆಯಿರಿ, ಪುಸ್ತಕವನ್ನು ಪೂರ್ತಿ ಅಗಲಿಸಬೇಡಿ.

ನಿಮ್ಮ ಮುತ್ಯಾನವರ ನೋಟ್‌ಬುಕ್ಕುಗಳಿಂದ ಈ ಕೆಲಸ ಆರಂಭಿಸಿ. ಮುದ್ರಿತ ಪುಸ್ತಕದ ಇನ್ನೊಂದು ಪ್ರತಿ ಎಲ್ಲಾದರೂ ಉಳಿದಿರುತ್ತದೆ. ಅವಕ್ಕೆ ಬೇರೆ ಪ್ರತಿಯಿಲ್ಲ. 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ, ಖಾಸಗಿಯವರು ಅವನ್ನು ಹೊರದೇಶಕ್ಕೆ ಮಾರಿ ಕಳಿಸುವಂತಿಲ್ಲ. ಆನ್‌ಲೈನಿನಲ್ಲಿ ಯಾರಾದರೂ ಆಸೆ ತೋರಿಸಿದರೆ ಇದು ನೆನಪಿರಲಿ. ಪ್ರತಿ ಚೀಜಿನ ಎದುರು ರಾಗ, ತಾಳ, ಮೊದಲ ಸಾಲು, ಯಾರಿಂದ ಕಲಿತದ್ದೆಂಬ ಉಲ್ಲೇಖ ಇದ್ದರೆ ಅದು, ಇಷ್ಟನ್ನು ಪಟ್ಟಿ ಮಾಡಿ ಇಲ್ಲಿ ಹಾಕಿದರೆ, ಮುದ್ರಿತ ಕ್ರಮಿಕ ಮಾಲಿಕೆಯಲ್ಲಿ ಇಲ್ಲದ ಚೀಜುಗಳು ಯಾವುವು ಎಂದು ಯಾದಗಿರಿಯ ಮಾಸ್ತರರೂ ನಾನೂ ಸೇರಿ ನೋಡಿ ಹೇಳುತ್ತೇವೆ. ಉರ್ದು ಪುಸ್ತಕದ ಮೊದಲ ಮತ್ತು ಕೊನೆಯ ಪುಟಗಳ ಚಿತ್ರವನ್ನೂ ಹಾಕಿ. ಬೀದರಿನಲ್ಲಿ ಓದಿಸುವ ವ್ಯವಸ್ಥೆ ಮಾಡುತ್ತೇನೆ.